ಕನಿಷ್ಠ ಕೂಲಿಯ ಏರಿಕೆ, ಆದಾಯ ತೆರಿಗೆಯ ಇಳಿಕೆ: ಒಂದೇ ಅಂಗಡಿಯೊಳಗಿನ ಎರಡು ಲೆಕ್ಕ

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಸಗಟು ಕಿರಾಣಿ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮಾಲೀಕರು, ಲೆಕ್ಕ ಬರೆಯುವ ಒಬ್ಬ ಗುಮಾಸ್ತ, ಮಾಲು ತೂಗಿ ಕಟ್ಟುವ ಇಬ್ಬರು ಹುಡುಗರು, ಲಾರಿ ಬಂದಾಗ ಚೀಲ ಇಳಿಸುವ ಹಮಾಲರು. 2025ರ ಫೆಬ್ರುವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ 12 ಲಕ್ಷ ರೂಪಾಯಿವರೆಗಿನ ವಾರ್ಷಿಕ ಆದಾಯಕ್ಕೆ ತೆರಿಗೆ ಇಲ್ಲವೆಂಬ ಘೋಷಣೆ ಬಂದಾಗ ಆ ಅಂಗಡಿಯಲ್ಲಿ ಸಂತೋಷಪಟ್ಟವರು ಮಾಲೀಕರು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನವನ್ನು ಗಣನೀಯವಾಗಿ ಏರಿಸುವ ಕರಡು ಅಧಿಸೂಚನೆ ಹೊರಡಿಸಿದಾಗ ಕಿವಿ ನಿಮಿರಿಸಿದವರು ಗುಮಾಸ್ತ ಮತ್ತು ಹುಡುಗರು. ಆ ಕರಡನ್ನು ಕಾರ್ಮಿಕ ಸಂಘಟನೆಗಳು ಸ್ವಾಗತಿಸಿದವು. ಸಣ್ಣ ಕೈಗಾರಿಕೆಗಳ ಸಂಘಟನೆಗಳು ವಿರೋಧಿಸಿದವು. ಎರಡೂ ಸುದ್ದಿಗಳನ್ನು ಪತ್ರಿಕೆಗಳು ‘ಜನರಿಗೆ ನೆಮ್ಮದಿ’ ಎಂಬ ಒಂದೇ ಧಾಟಿಯಲ್ಲಿ ಬರೆದವು. ಆದರೆ ಈ ಎರಡು ನೆಮ್ಮದಿಗಳು ಒಬ್ಬರಿಗೇ ಸಿಗುವಂಥವಲ್ಲ, ಒಂದೇ ಜೇಬಿನಿಂದ ಬರುವಂಥವೂ ಅಲ್ಲ. ತೆರಿಗೆ ಇಳಿಸುವುದು ಕೇಂದ್ರ, ಅದರ ಹೊರೆ ಬೊಕ್ಕಸದ ಮೇಲೆ. ಕೂಲಿ ಏರಿಸುವುದು ಬಹುಪಾಲು ರಾಜ್ಯ, ಅದರ ಹೊರೆ ಮಾಲೀಕರ ಗಲ್ಲಾದ ಮೇಲೆ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಉಳಿದ ಗೊಂದಲ ಅರ್ಧಕ್ಕರ್ಧ ಕರಗುತ್ತದೆ.

ಮೊದಲು ಕೂಲಿಯ ಲೆಕ್ಕ. ಸಂವಿಧಾನದ 43ನೇ ವಿಧಿ ದುಡಿಯುವವರಿಗೆ ಬದುಕಲು ತಕ್ಕ ಕೂಲಿ ದೊರೆಯುವಂತೆ ನೋಡಿಕೊಳ್ಳಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಸಂವಿಧಾನ ಜಾರಿಗೆ ಬರುವ ಮೊದಲೇ, 1948ರಲ್ಲಿ, ಕನಿಷ್ಠ ವೇತನ ಕಾಯ್ದೆ ಬಂದಿತ್ತು. ಎಲ್ಲ ಕೆಲಸಗಾರರಿಗೂ ಅನ್ವಯವಾಗದೆ ಪಟ್ಟಿಯಲ್ಲಿ ಸೇರಿದ ಉದ್ಯೋಗಗಳಿಗೆ ಮಾತ್ರ ಅನ್ವಯವಾಗುವುದು ಆ ಕಾಯ್ದೆಯ ಮುಖ್ಯ ಕೊರತೆಯಾಗಿತ್ತು. ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಹೋಟೆಲು, ಅಂಗಡಿ, ಬೀಡಿ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅಧಿಸೂಚನೆ, ಬೇರೆ ಬೇರೆ ದರ. ಕನಿಷ್ಠ ಐದು ವರ್ಷಕ್ಕೊಮ್ಮೆ ದರವನ್ನು ಪರಿಷ್ಕರಿಸಬೇಕು, ಮಧ್ಯದ ವರ್ಷಗಳಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ತುಟ್ಟಿಭತ್ಯೆ ಏರುತ್ತಾ ಹೋಗಬೇಕು ಎಂಬುದು ವ್ಯವಸ್ಥೆ. ಇದರ ಜೊತೆಗೆ ಊರುಗಳನ್ನು ವಲಯಗಳಾಗಿ, ಕೆಲಸಗಾರರನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸುವುದರಿಂದ ಬೆಂಗಳೂರಿನ ಹೋಟೆಲಿನ ದರ ದಾವಣಗೆರೆಯದ್ದಲ್ಲ, ದಾವಣಗೆರೆಯದ್ದು ಮೊಳಕಾಲ್ಮುರಿನದ್ದಲ್ಲ. 2019ರ ವೇತನ ಸಂಹಿತೆ ಪಟ್ಟಿಯ ಪದ್ಧತಿಯನ್ನು ಕೈಬಿಟ್ಟು ಕನಿಷ್ಠ ವೇತನದ ಹಕ್ಕನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಆ ಸಂಹಿತೆ ಆರು ವರ್ಷ ಕಪಾಟಿನಲ್ಲಿದ್ದು 2025ರ ನವೆಂಬರ್ 21ರಂದು ಇತರ ಮೂರು ಕಾರ್ಮಿಕ ಸಂಹಿತೆಗಳ ಜೊತೆ ಜಾರಿಗೆ ಬಂತು.

ದರವನ್ನು ಯಾರೋ ಅಧಿಕಾರಿ ಕುಳಿತು ಮನಸ್ಸಿಗೆ ತೋಚಿದಂತೆ ಬರೆಯುತ್ತಾರೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆಗೋಲನ್ನು ಕೊಟ್ಟಿತು. ದುಡಿಯುವವರು ಒಬ್ಬರೇ ಎಂದು ಭಾವಿಸಿ, ಅವರ ಸಂಸಾರವನ್ನು ಮೂರು ‘ಬಳಕೆ ಘಟಕ’ಗಳೆಂದು ಎಣಿಸಬೇಕು, ಪ್ರತಿ ಘಟಕಕ್ಕೂ ದಿನಕ್ಕೆ 2,700 ಕ್ಯಾಲೊರಿ ಆಹಾರ, ಇಡೀ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಮೇಲೆ ಸೌದೆ, ದೀಪ ಮುಂತಾದ ಖರ್ಚಿಗೆ ಒಟ್ಟು ಕೂಲಿಯ ಶೇ 20. ಘಟಕದ ಲೆಕ್ಕ ಹೀಗೆ: ದುಡಿಯುವ ಗಂಡಸು 1, ಹೆಂಡತಿ 0.8, ಎರಡು ಮಕ್ಕಳು ತಲಾ 0.6. ಹೊಲದಲ್ಲಿ ಗಂಡಸಿನಷ್ಟೇ ಕಳೆ ಕೀಳುವ ಹೆಂಗಸಿಗೆ ಅನ್ನ ಮಾತ್ರ 0.8 ಸಾಕೆಂದು ಅಂದಿನ ಪಂಡಿತರು ಯಾವ ಧೈರ್ಯದಿಂದ ಬರೆದರೋ. ಮನೆಯಲ್ಲಿರುವ ಅವ್ವ ಅಪ್ಪ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಕಂಪನಿಯ ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ಕೊಟ್ಟು, ಮಕ್ಕಳ ಓದು, ಔಷಧ, ಹಬ್ಬ ಹರಿದಿನ, ಮದುವೆ, ಮುಪ್ಪಿನ ಕಾಲದ ಅಗತ್ಯ ಇವುಗಳಿಗಾಗಿ ಒಟ್ಟು ಕೂಲಿಯ ಶೇ 25ರಷ್ಟನ್ನು ಇದಕ್ಕೆ ಸೇರಿಸಬೇಕೆಂದು ಹೇಳಿತು. ರಾಜ್ಯ ಸರ್ಕಾರದ 2025ರ ಕರಡು ದರಗಳು ದೊಡ್ಡದಾಗಿ ಕಂಡದ್ದಕ್ಕೆ ಮುಖ್ಯ ಕಾರಣ, ಈ ತೀರ್ಪಿನ ಅಳತೆಯನ್ನು ಹಿಡಿದು ಲೆಕ್ಕ ಹಾಕಿದ್ದು.

ಈ ಅಳತೆಗೋಲು ಕೆಲಸ ಮಾಡುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಕೇಂದ್ರದ 2020ರ ಕರಡು ನಿಯಮಗಳು ಬಟ್ಟೆಯನ್ನು ವರ್ಷಕ್ಕೆ 66 ಮೀಟರ್ ಎಂದೂ, ಬಾಡಿಗೆಯನ್ನು ಆಹಾರ ಮತ್ತು ಬಟ್ಟೆಯ ಖರ್ಚಿನ ಶೇ 10 ಎಂದೂ ಇಟ್ಟಿವೆ. ಉಳಿದ ಶೇ 20 ಮತ್ತು ಶೇ 25 ಹಾಗೆಯೇ ಇವೆ. ಲೆಕ್ಕ ತೋರಿಸಲೆಂದು, ಒಂದು ಘಟಕದ ದಿನದ ಆಹಾರಕ್ಕೆ 80 ರೂಪಾಯಿ, ಬಟ್ಟೆಗೆ ಮೀಟರಿಗೆ 150 ರೂಪಾಯಿ ಎಂದು ನಾವೇ ಹಿಡಿಯೋಣ. ಮೂರು ಘಟಕಕ್ಕೆ ತಿಂಗಳ ಆಹಾರ 7,200 ರೂಪಾಯಿ. ತಿಂಗಳ ಪಾಲಿನ ಬಟ್ಟೆ ಐದೂವರೆ ಮೀಟರ್, ಅಂದರೆ 825 ರೂಪಾಯಿ. ಇವೆರಡರ ಶೇ 10 ಬಾಡಿಗೆ, ಸುಮಾರು 802 ರೂಪಾಯಿ. ಮೂರೂ ಸೇರಿ 8,827. ಇನ್ನುಳಿದ ಶೇ 20 ಮತ್ತು ಶೇ 25 ಒಟ್ಟು ಕೂಲಿಯ ಭಾಗಗಳಾದ್ದರಿಂದ, ಈ 8,827 ರೂಪಾಯಿ ಕೂಲಿಯ ಶೇ 55 ಆಗಬೇಕು. ಹಾಗಾದರೆ ಪೂರ್ಣ ಕೂಲಿ ತಿಂಗಳಿಗೆ 16,050 ರೂಪಾಯಿ. ವಾರದ ರಜೆ ಬಿಟ್ಟು 26 ದಿನಕ್ಕೆ ಹಂಚಿದರೆ ದಿನಕ್ಕೆ 617.

ಈಗ ಅದೇ ಆಹಾರ 80ರ ಬದಲು 90 ರೂಪಾಯಿ ಆಯಿತೆಂದುಕೊಳ್ಳಿ. ಆಹಾರದ ಖರ್ಚು ತಿಂಗಳಿಗೆ 900 ರೂಪಾಯಿ ಏರುತ್ತದೆ. ಸೂತ್ರದ ಪ್ರಕಾರ ಕೂಲಿ 17,850ಕ್ಕೆ, ಅಂದರೆ 1,800 ರೂಪಾಯಿ ಏರುತ್ತದೆ. ಅನ್ನದ ಬೆಲೆ ಒಂದು ರೂಪಾಯಿ ಏರಿದರೆ ಕೂಲಿ ಎರಡು ರೂಪಾಯಿ ಏರುವಂತೆ ಈ ಸೂತ್ರವೇ ಕಟ್ಟಿಕೊಂಡಿದೆ. ‘ಜೋಳ, ಬೇಳೆ ಇಷ್ಟೇ ತಾನೆ ತುಟ್ಟಿಯಾದದ್ದು, ಕೂಲಿ ಯಾಕೆ ಇಷ್ಟು ಏರಬೇಕು’ ಎಂದು ಮಾಲೀಕರು ಕೇಳುವುದು ಸುಳ್ಳು ಗೋಳಲ್ಲ. ಆದರೆ ಉತ್ತರ ಸೂತ್ರದ ಒಳಗಿದೆ. ಇನ್ನೊಂದು ಕಡೆ, ಬಾಡಿಗೆಗೆ ಹಿಡಿದ 802 ರೂಪಾಯಿಯನ್ನು ನೋಡಿ. ದಾವಣಗೆರೆಯ ಆಜಾದ್ ನಗರದಲ್ಲಾಗಲಿ ಚಿತ್ರದುರ್ಗದ ಹೊರವಲಯದಲ್ಲಾಗಲಿ ಆ ಬಾಡಿಗೆಗೆ ಒಂದು ಕೋಣೆ ತೋರಿಸಿಕೊಡುವವರಿದ್ದರೆ ಅವರ ವಿಳಾಸ ಬೇಕು. ಸೂತ್ರ ಒಂದು ಕಡೆ ಉದಾರವಾಗಿ ಕಂಡರೂ ಮತ್ತೊಂದು ಕಡೆ ಜಿಪುಣವಾಗಿದೆ. ಬಾಡಿಗೆಯ ಕೊರತೆಯನ್ನು ಕುಟುಂಬಗಳು ಓದಿಗೂ ಔಷಧಕ್ಕೂ ಇಟ್ಟ ಶೇ 25ರಿಂದಲೇ ತುಂಬಿಕೊಳ್ಳುತ್ತವೆ.

ಇಷ್ಟು ಕೊಡಲು ಮಾಲೀಕರಿಗೆ ಶಕ್ತಿ ಇಲ್ಲದಿದ್ದರೆ? ಕಾನೂನು ಈ ಪ್ರಶ್ನೆಗೆ ಬಹಳ ಹಿಂದೆಯೇ ಕಟುವಾದ ಉತ್ತರ ಕೊಟ್ಟಿದೆ. ಕನಿಷ್ಠ ಕೂಲಿಯನ್ನೂ ಕೊಡಲಾಗದ ಉದ್ದಿಮೆಗೆ ಬದುಕಿರುವ ಹಕ್ಕಿಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ ಹೇಳಿತು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಹಸಿವೂ ಒಂದು ಬಲವಂತ ಎಂಬುದು ಆ ತೀರ್ಪಿನ ತಿರುಳು. ಲಾಭದ ಮೇಲೆ, ಒಪ್ಪಂದದ ಮೇಲೆ ನಿಂತ ಉಳಿದ ವೇತನಗಳಿಗೂ ಕನಿಷ್ಠ ವೇತನಕ್ಕೂ ಇರುವ ಭೇದ ಇದೇ. ಇದು ಚೌಕಾಸಿಗೆ ಇಟ್ಟ ಮೊತ್ತವಲ್ಲ.

ಆದರೆ ನಮ್ಮ ಊರಿನಲ್ಲಿ ಕೂಲಿ ತಿಂಗಳ ಲೆಕ್ಕದಲ್ಲಿ ಬರುವುದು ಎಷ್ಟು ಜನಕ್ಕೆ? ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕೂಲಿ ಬಹುತೇಕ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಬೆಂಕಿಯ ಎದುರು, ಸುಡುವ ಮರಳಿನ ಮುಂದೆ ನಿಂತು ಇಷ್ಟು ಚೀಲ ಹುರಿದರೆ ಇಷ್ಟು. ಹಮಾಲರದ್ದೂ ಚೀಲದ ಲೆಕ್ಕ, ಬೀಡಿ ಕಟ್ಟುವವರದ್ದು ಸಾವಿರದ ಲೆಕ್ಕ, ಮೊಳಕಾಲ್ಮುರಿನ ರೇಷ್ಮೆ ನೇಕಾರರದ್ದು ಸೀರೆಯ ಲೆಕ್ಕ. ತುಂಡು ಕೂಲಿಯವರಿಗೆ ಕನಿಷ್ಠ ವೇತನ ಸಲ್ಲುವುದಿಲ್ಲವೆಂಬ ಮಾತು ತಪ್ಪು. ತುಂಡು ದರ ಬೇರೆಯಾಗಿ ನಿಗದಿಯಾಗದಿದ್ದಲ್ಲಿ, ಪೂರ್ತಿ ದಿನ ದುಡಿದವರ ಗಳಿಕೆ ದಿನದ ಕನಿಷ್ಠ ದರಕ್ಕಿಂತ ಕಡಿಮೆಯಾಗಕೂಡದು ಎಂಬುದು ಕಾನೂನಿನ ತತ್ವ. ತೊಡಕಿರುವುದು ಸಾಕ್ಷ್ಯದಲ್ಲಿ. ಹಾಜರಿ ಪುಸ್ತಕವಿಲ್ಲ, ಬಟವಾಡೆಗೆ ಚೀಟಿಯಿಲ್ಲ, ಕೈಗೆ ಬಂದ ನಗದಿಗೆ ಬರಹವಿಲ್ಲ. ಮೇಲಾಗಿ, ಸ್ವಂತ ಮಗ್ಗದಲ್ಲಿ ನೇಯುವ ನೇಕಾರರನ್ನು ಕೆಲಸಗಾರರೆನ್ನಬೇಕೋ ಸ್ವಂತ ಉದ್ಯೋಗಿಯೆನ್ನಬೇಕೋ ಎಂಬ ವಾದವೇ ವರ್ಷಗಟ್ಟಲೆ ಎಳೆಯಬಲ್ಲದು.

ಸರ್ಕಾರ ತಾನೇ ಮಾಲೀಕನಾದಾಗ ಏನು ಕೊಡುತ್ತದೆ ಎಂಬುದನ್ನೂ ನೋಡಬೇಕು. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2024-25ರಲ್ಲಿ ದಿನಕ್ಕೆ 349 ರೂಪಾಯಿ ಇದ್ದದ್ದು 2025-26ರಲ್ಲಿ 370 ಆಯಿತು. ಕೇಂದ್ರವು ಇಡೀ ದೇಶಕ್ಕೆ ಕೆಳಮಿತಿಯಾಗಿ ಸೂಚಿಸಿದ ಕೂಲಿ 2017ರಲ್ಲಿ 176 ರೂಪಾಯಿ, 2019ರಲ್ಲಿ ಎರಡೇ ರೂಪಾಯಿ ಏರಿ 178. ಅದೇ 2019ರಲ್ಲಿ ಕೇಂದ್ರವೇ ನೇಮಿಸಿದ ಅನೂಪ್ ಸತ್ಪತಿ ಸಮಿತಿ ದಿನಕ್ಕೆ 375 ರೂಪಾಯಿ ಇರಬೇಕೆಂದು ಶಿಫಾರಸು ಮಾಡಿತ್ತು. ಹಳೆಯ ಕೆಳಮಿತಿ ಬರೀ ಸಲಹೆಯಾಗಿತ್ತು. ವೇತನ ಸಂಹಿತೆಯ ಪ್ರಕಾರ ಕೇಂದ್ರ ನಿಗದಿಪಡಿಸುವ ಕೆಳಮಿತಿಗಿಂತ ಕಡಿಮೆ ದರವನ್ನು ಯಾವ ರಾಜ್ಯವೂ ಇಡುವಂತಿಲ್ಲ. ಆದ್ದರಿಂದ ಆ ಒಂದು ಅಂಕಿ ಎಲ್ಲಿ ನಿಲ್ಲುತ್ತದೆ ಎಂಬುದು ಮುಂದಿನ ದಿನಗಳಲ್ಲಿ ಬಹಳ ಮುಖ್ಯವಾಗುತ್ತದೆ.

ಇನ್ನು ತೆರಿಗೆಯ ಲೆಕ್ಕ. 12 ಲಕ್ಷದವರೆಗೆ ತೆರಿಗೆ ಇಲ್ಲವೆಂಬ ಮಾತು ಸರಿ, ಆದರೆ ಅದು ನಿಂತಿರುವ ಬಗೆ ಬೇರೆ. ಆದಾಯ ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ; ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ನಂತರದ ಪ್ರತಿ 4 ಲಕ್ಷಕ್ಕೂ ದರ ಶೇ 5ರಷ್ಟು ಮೆಟ್ಟಿಲೇರುತ್ತದೆ: 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, ಹೀಗೆ 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಈ ಪ್ರಕಾರ 12 ಲಕ್ಷ ಆದಾಯದವರ ತೆರಿಗೆ 20,000 ಮತ್ತು 40,000 ಸೇರಿ 60,000 ರೂಪಾಯಿ ಆಗುತ್ತದೆ. ಆಮೇಲೆ ಸರ್ಕಾರ ಅಷ್ಟೇ ಮೊತ್ತದ, ಅಂದರೆ 60,000 ರೂಪಾಯಿಯ ರಿಯಾಯಿತಿ ಕೊಟ್ಟು ಬಾಕಿಯನ್ನು ಸೊನ್ನೆ ಮಾಡುತ್ತದೆ. ಸಂಬಳದಾರರಿಗೆ 75,000 ರೂಪಾಯಿಯ ಪ್ರಮಾಣಿತ ಕಡಿತವೂ (ತೆರಿಗೆ ಲೆಕ್ಕಕ್ಕೆ ಮೊದಲೇ ಸಂಬಳದಿಂದ ಕಳೆಯುವ ಮೊತ್ತ) ಇರುವುದರಿಂದ ಅವರ ಮಟ್ಟಿಗೆ ಗೆರೆ 12.75 ಲಕ್ಷಕ್ಕೆ ಹೋಗುತ್ತದೆ. ಹಿಂದಿನ ವರ್ಷದ ಹೊಸ ಪದ್ಧತಿಯಲ್ಲಿ 12 ಲಕ್ಷದವರು 80,000 ರೂಪಾಯಿ ಕಟ್ಟಬೇಕಿತ್ತು, ಅಷ್ಟೂ ಉಳಿಯಿತು. 24 ಲಕ್ಷದವರಿಗೆ ಉಳಿದದ್ದು 1.10 ಲಕ್ಷ. ಷೇರು ಮಾರಾಟದ ಲಾಭದಂಥ, ಬೇರೆ ದರದ ಆದಾಯಕ್ಕೆ ಈ ರಿಯಾಯಿತಿ ಸಲ್ಲದು. ಹಳೆಯ ಪದ್ಧತಿಯಲ್ಲೇ ಉಳಿದವರಿಗೂ ಸಲ್ಲದು.

‘12 ಲಕ್ಷದ ಮೇಲೆ ಹತ್ತು ಸಾವಿರ ಬಂದರೆ ಅರವತ್ತು ಸಾವಿರ ತೆರಿಗೆ ಬೀಳುತ್ತದಂತೆ, ಹಾಗಾದರೆ ಬಡ್ತಿಯೇ ಬೇಡ’ ಎಂದು ಹೇಳಿದವರನ್ನು ನಾನು ಬೆಣ್ಣೆದೋಸೆಯ ಹೋಟೆಲಿನಲ್ಲಿ ಕೇಳಿದ್ದೇನೆ. ಅದಕ್ಕೂ ಕಾನೂನಿನಲ್ಲಿ ತಡೆಗೋಡೆ ಇದೆ. ಆದಾಯ 12,10,000 ಆದಾಗ ಸೂತ್ರದ ಪ್ರಕಾರ ತೆರಿಗೆ 61,500 ಬರುತ್ತದೆಯಾದರೂ, ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಕೇಳುವಂತಿಲ್ಲವಾದ್ದರಿಂದ ಕಟ್ಟಬೇಕಾದದ್ದು 10,000 ರೂಪಾಯಿ, ಅದರ ಮೇಲೆ ಶೇ 4ರ ಸೆಸ್ಸು. ಸೆಸ್ಸಿನ 400 ರೂಪಾಯಿಯ ಕೊಸರಾಟ ಬಿಟ್ಟರೆ ಬಡ್ತಿಗೆ ಹೆದರಬೇಕಾದ ಕಾರಣವಿಲ್ಲ. ಒಂದು ಕಾಲದಲ್ಲಿ ಹೆದರಿಕೆಗೆ ಕಾರಣವಿತ್ತು: 1973-74ರಲ್ಲಿ ಸರ್ಚಾರ್ಜು ಸೇರಿ ಅತಿ ಮೇಲಿನ ದರ ಶೇ 97.75 ಇತ್ತು. 1997ರ ಬಜೆಟ್ ಅದನ್ನೆಲ್ಲ ಶೇ 10, 20, 30 ಎಂಬ ಮೂರು ಮೆಟ್ಟಿಲಿಗೆ ಇಳಿಸಿತು. ಶೇ 30 ಎಂಬ ಮೇಲ್ತುದಿ ಇಂದಿಗೂ ಹಾಗೆಯೇ ನಿಂತಿದೆ.

ಈ ಲಾಭ ನಮ್ಮ ಭಾಗದಲ್ಲಿ ಯಾರಿಗೆ? ಮೊದಲು ಯಾರಿಗಲ್ಲ ಎಂದು ನೋಡಿದರೆ ಬೇಗ ತಿಳಿಯುತ್ತದೆ. ಚನ್ನಗಿರಿಯ ಅಡಿಕೆ ಬೆಳೆಗಾರರ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಮೊದಲಿನಿಂದಲೂ ಇಲ್ಲ. ಕೃಷಿ ಆದಾಯದ ಮೇಲಿನ ತೆರಿಗೆಯನ್ನು ಸಂವಿಧಾನ ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ. ಭಟ್ಟಿಯವರು, ಹಮಾಲರು, ಚಳ್ಳಕೆರೆಯ ಎಣ್ಣೆ ಗಿರಣಿಯ ಕೆಲಸಗಾರರು ತೆರಿಗೆಯ ಗೆರೆಯ ಹತ್ತಿರಕ್ಕೂ ಬಂದವರಲ್ಲ. 16,050 ರೂಪಾಯಿಯ ನಮ್ಮ ಉದಾಹರಣೆಯ ಕೂಲಿ ವರ್ಷಕ್ಕೆ 1.93 ಲಕ್ಷ ಆಗುತ್ತದೆ. ತೆರಿಗೆ ಕಟ್ಟಬೇಕಾದ ಗೆರೆ ಅದರ ಆರು ಪಟ್ಟಿಗಿಂತ ಮೇಲಿದೆ. ಈ ಎರಡು ಅಂಕಿಗಳ ನಡುವಿನ ಬಯಲಿನಲ್ಲಿ ಊರಿನ ಅನೇಕ ಸಂಬಳದಾರರಿದ್ದಾರೆ, ಅವರಲ್ಲಿ 7 ಲಕ್ಷದೊಳಗಿನವರಿಗೆ ಹೊಸ ಪದ್ಧತಿಯಲ್ಲಿ ಹಿಂದೆಯೂ ತೆರಿಗೆ ಇರಲಿಲ್ಲವಾದ್ದರಿಂದ ತೆರಿಗೆಯ ಇಳಿಕೆಯೂ ಇಲ್ಲ, ಕನಿಷ್ಠ ಕೂಲಿಯ ಏರಿಕೆಯೂ ನೇರವಾಗಿ ಇಲ್ಲ. 2024ರ ಜುಲೈ 31ರವರೆಗೆ ಇಡೀ ದೇಶದಲ್ಲಿ ಸಲ್ಲಿಕೆಯಾದ ಆದಾಯ ತೆರಿಗೆ ರಿಟರ್ನ್ಸ್ 7.28 ಕೋಟಿ, ಅವುಗಳಲ್ಲಿ 5.27 ಕೋಟಿ ಹೊಸ ಪದ್ಧತಿಯಲ್ಲಿದ್ದವು. ರಿಟರ್ನ್ಸ್ ಸಲ್ಲಿಸಿದವರೆಲ್ಲ ತೆರಿಗೆ ಕಟ್ಟುವವರೂ ಅಲ್ಲ.

ನಿಜವಾದ ಲಾಭ ಇರುವುದು ಕಾಲೇಜು ಅಧ್ಯಾಪಕರು, ಬ್ಯಾಂಕಿನವರು, ಸರ್ಕಾರಿ ನೌಕರರಲ್ಲಿ ಮೇಲಿನವರು, ಆಸ್ಪತ್ರೆಗಳ ವೈದ್ಯರು, ಮತ್ತು ಮಂಡಿಪೇಟೆಯ ನಮ್ಮ ಮಾಲೀಕರಿಗೆ. ಈ ಕೊನೆಯವರ ಲೆಕ್ಕ ಸ್ವಾರಸ್ಯವಾಗಿದೆ. ಸಣ್ಣ ವ್ಯಾಪಾರಿಗಳು ಪೂರ್ತಿ ಲೆಕ್ಕಪತ್ರ ಇಡುವ ತಾಪತ್ರಯ ತಪ್ಪಿಸಿಕೊಳ್ಳಲು ಅಂದಾಜು ಆದಾಯದ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಅದರಲ್ಲಿ ಬ್ಯಾಂಕು ಅಥವಾ ಫೋನಿನ ಮೂಲಕ ಬಂದ ವಹಿವಾಟಿನ ಕನಿಷ್ಠ ಶೇ 6, ನಗದಿನ ವಹಿವಾಟಿನ ಕನಿಷ್ಠ ಶೇ 8 ಲಾಭವೆಂದು ತೋರಿಸಿದರೆ ಸಾಕು. ವರ್ಷಕ್ಕೆ 2 ಕೋಟಿ ರೂಪಾಯಿ ವಹಿವಾಟು, ಎಲ್ಲವೂ ಫೋನಿನ ಮೂಲಕ ಎಂದುಕೊಳ್ಳಿ. ಶೇ 6ರಂತೆ ಆದಾಯ 12 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ.

ಕೂಲಿಯ ಏರಿಕೆ ಮತ್ತು ತೆರಿಗೆಯ ಇಳಿಕೆ ಮುಖಾಮುಖಿಯಾಗುವುದು ಈ ಗಲ್ಲಾದ ಬಳಿಯೇ. ಪೂರ್ತಿ ಲೆಕ್ಕಪತ್ರ ಇಡುವ ದೊಡ್ಡ ಉದ್ದಿಮೆಗೆ ಕೂಲಿ ಒಂದು ಖರ್ಚು. ಕೂಲಿ ಲಕ್ಷ ರೂಪಾಯಿ ಏರಿದರೆ ತೆರಿಗೆಗೆ ಒಳಪಡುವ ಲಾಭ ಲಕ್ಷ ಇಳಿಯುತ್ತದೆ, ಶೇ 30ರ ಮೆಟ್ಟಿಲಿನಲ್ಲಿರುವ ಮಾಲೀಕರಿಗೆ ಅದರಲ್ಲಿ 30,000 ರೂಪಾಯಿ ತೆರಿಗೆಯ ರೂಪದಲ್ಲಿ ಉಳಿಯುತ್ತದೆ. ಅಂದರೆ ಏರಿದ ಕೂಲಿಯ ಒಂದು ಪಾಲನ್ನು ಬೊಕ್ಕಸವೇ ಹೊರುತ್ತದೆ. ಅಂದಾಜು ಆದಾಯದ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗೆ ಈ ಅನುಕೂಲ ಇಲ್ಲ, ಏಕೆಂದರೆ ಶೇ 6 ಎಂಬುದು ಎಲ್ಲ ಖರ್ಚು ಕಳೆದ ಮೇಲಿನ ಅಂಕಿಯೆಂದೇ ಕಾನೂನು ಭಾವಿಸುತ್ತದೆ. ಅವರು ಏರಿಸಿದ ಕೂಲಿಯ ಪ್ರತಿ ರೂಪಾಯಿಯೂ ಅವರ ಜೇಬಿನಿಂದಲೇ. ಸಣ್ಣ ಕೈಗಾರಿಕೆಗಳ ಸಂಘಟನೆಗಳ ದೂರಿನಲ್ಲಿ ನನಗೆ ನ್ಯಾಯವೆನಿಸುವ ಭಾಗ ಇದು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಮೊನ್ನೆವರೆಗೆ 80,000 ರೂಪಾಯಿ ತೆರಿಗೆ ಕಟ್ಟುತ್ತಿದ್ದವರಿಗೆ ಈಗ ಅಷ್ಟೂ ಉಳಿದಿದೆ, ಅದು ಇಬ್ಬರು ಕೆಲಸಗಾರರಿಗೆ ತಿಂಗಳಿಗೆ ತಲಾ 3,300 ರೂಪಾಯಿ ಹೆಚ್ಚು ಕೊಡಲು ಸಾಕಾಗುವ ಮೊತ್ತ. ತೆರಿಗೆ ಇಳಿಸಿದ ಸರ್ಕಾರ ಹಾಗೆ ಕೊಡಬೇಕೆಂಬ ಷರತ್ತನ್ನೇನೂ ಹಾಕಿಲ್ಲ.

ಕೂಲಿ ಏರಿದರೆ ಕೆಲಸ ಹೋಗುತ್ತದೆ ಎಂಬ ವಾದ ಹಳೆಯದು. ಪಠ್ಯಪುಸ್ತಕದ ಪ್ರಕಾರ ಬೆಲೆ ಏರಿದರೆ ಬೇಡಿಕೆ ಇಳಿಯಬೇಕು, ಕೂಲಿಯೂ ಒಂದು ಬೆಲೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ, ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಹಳೆಯ ದರವೇ ಇತ್ತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಗಡಿಯ ಎರಡೂ ಬದಿಯ ತಿಂಡಿ ಅಂಗಡಿಗಳನ್ನು ಹೋಲಿಸಿ, ಕೂಲಿ ಏರಿದ ಕಡೆ ಕೆಲಸಗಳು ಕಡಿಮೆಯಾಗಿಲ್ಲವೆಂದು 1994ರಲ್ಲಿ ತೋರಿಸಿದರು. ಆ ಅಧ್ಯಯನದ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಒಂದು ಊರಿನಲ್ಲಿ ಕೆಲಸ ಕೊಡುವವರು ಕೆಲವರೇ ಇದ್ದಾಗ ಅವರು ಕೂಲಿಯನ್ನು ದುಡಿಮೆಯ ನಿಜವಾದ ಬೆಲೆಗಿಂತ ಕೆಳಗೆ ಹಿಡಿದಿಡಬಲ್ಲರು, ಅಂಥ ಕಡೆ ಕಾನೂನು ಕೂಲಿಯನ್ನು ಸ್ವಲ್ಪ ಎತ್ತಿದರೆ ಕೆಲಸ ಹೋಗುವುದಿಲ್ಲ ಎಂಬುದು ಇದರ ಹಿಂದಿನ ವಿವರಣೆ. ‘ಸ್ವಲ್ಪ’ ಎಂಬ ಪದವನ್ನು ಮರೆಯುವಂತಿಲ್ಲ. ಒಮ್ಮೆಗೇ ಬಹಳ ಎತ್ತಿದರೆ ಲೆಕ್ಕ ಬದಲಾಗುತ್ತದೆ. ನಮ್ಮಲ್ಲಿ ಪರಿಷ್ಕರಣೆಯನ್ನು ವರ್ಷಗಟ್ಟಲೆ ತಡಮಾಡಿ ಆಮೇಲೆ ಒಂದೇ ಏಟಿಗೆ ಏರಿಸುವ ಚಾಳಿಯಿಂದಾಗಿ ಮಾಲೀಕರಿಗೆ ಅದು ಸಿಡಿಲಿನಂತೆ ಕಾಣುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಂತೆ ಮಾಡಿದ ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಈ ಚರ್ಚೆಯಲ್ಲಿ ಎಳೆದು ತರುವವರಿದ್ದಾರೆ. ಹಳೆಯ ಯಂತ್ರ, ವಿದ್ಯುತ್ ಮಗ್ಗದ ಪೈಪೋಟಿ ದೇಶದ ತುಂಬ ಗಿರಣಿಗಳನ್ನು ನುಂಗಿದ ಕಾಲವದು. ಕನಿಷ್ಠ ಕೂಲಿಯ ಅಧಿಸೂಚನೆಯ ತಲೆಗೆ ಅದನ್ನು ಕಟ್ಟುವುದು ಸರಿಯಲ್ಲ.

ತೆರಿಗೆ ಇಳಿಕೆಗೆ ಬೆಲೆ ಕೊಡುವವರು ಯಾರು ಎಂಬುದು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 2025ರ ಬಜೆಟ್ ಪ್ರಕಾರ ಕೇಂದ್ರ ಬಿಟ್ಟುಕೊಟ್ಟ ನೇರ ತೆರಿಗೆ ಸುಮಾರು 1 ಲಕ್ಷ ಕೋಟಿ ರೂಪಾಯಿ. ಆದಾಯ ತೆರಿಗೆ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ತೆರಿಗೆ. 15ನೇ ಹಣಕಾಸು ಆಯೋಗದ ಪ್ರಕಾರ 2025-26ರಲ್ಲಿ ಹಂಚಿಕೆಯ ಶೇ 41 ರಾಜ್ಯಗಳದ್ದಾಗಿತ್ತು, ಅದರಲ್ಲಿ ಕರ್ನಾಟಕದ ಪಾಲು ಶೇ 3.647 ಇತ್ತು. ಗುಣಿಸಿ ನೋಡಿದರೆ ರಾಜ್ಯಗಳ ಕೈತಪ್ಪಿದ್ದು ಸುಮಾರು 41,000 ಕೋಟಿ, ಕರ್ನಾಟಕದ್ದು ಸುಮಾರು 1,495 ಕೋಟಿ. ಜನ ಉಳಿದ ಹಣವನ್ನು ಖರ್ಚು ಮಾಡಿ ಜಿಎಸ್‌ಟಿಯ ರೂಪದಲ್ಲಿ ಒಂದಿಷ್ಟು ವಾಪಸು ಬರುತ್ತದೆಂಬುದು ಸರ್ಕಾರದ ನಿರೀಕ್ಷೆ. ತಿಂಗಳಿಗೆ ಲಕ್ಷ ರೂಪಾಯಿ ಸಂಬಳದವರು ಉಳಿದ ಹಣದಲ್ಲಿ ಒಂದು ಭಾಗವನ್ನು ಮನೆ ಸಾಲದ ಕಂತಿಗೂ ಠೇವಣಿಗೂ ಹಾಕಿಯಾರು. ಕೂಲಿಯವರ ಕೈಗೆ ಹೆಚ್ಚಿಗೆ ಬಂದ ಸಾವಿರ ರೂಪಾಯಿ ಅದೇ ವಾರ ಸಂತೆಯಲ್ಲಿ, ಔಷಧದ ಅಂಗಡಿಯಲ್ಲಿ, ಬಡ್ಡಿ ಸಾಲದಲ್ಲಿ ಕರಗುತ್ತದೆ. ಊರಿನ ವ್ಯಾಪಾರಕ್ಕೆ ಯಾವುದು ಬೇಗ ತಲುಪುತ್ತದೆಂದು ಮಂಡಿಪೇಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೂಲಿಯವರೂ ತೆರಿಗೆ ಕಟ್ಟುವವರೇ, ಆದಾಯದ ಮೇಲಲ್ಲದಿದ್ದರೂ ಸೋಪು, ಚಪ್ಪಲಿ, ಫೋನಿನ ರೀಚಾರ್ಜಿನ ಮೇಲೆ. ಆ ದೃಷ್ಟಿಯಿಂದ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಮುಖ್ಯ ದರಗಳನ್ನು ಶೇ 5 ಮತ್ತು ಶೇ 18ಕ್ಕೆ ಇಳಿಸಿದ್ದು ಆದಾಯ ತೆರಿಗೆಯ ರಿಯಾಯಿತಿಗಿಂತ ಅವರಿಗೆ ಹತ್ತಿರದ ಸಂಗತಿ.

ಈ ಎರಡು ನೀತಿಗಳು ಒಬ್ಬರ ಸಂಬಳದ ಚೀಟಿಯಲ್ಲೇ ಸೇರುವ ದೇಶಗಳೂ ಇವೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ವಯಸ್ಕರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ವಾರಕ್ಕೆ 37.5 ಗಂಟೆ ದುಡಿದರೆ ವರ್ಷಕ್ಕೆ ಸುಮಾರು 23,800 ಪೌಂಡ್. ಅಲ್ಲಿ ತೆರಿಗೆಯಿಲ್ಲದ ಗೆರೆ 12,570 ಪೌಂಡ್, ಅದರ ಮೇಲಿನದಕ್ಕೆ ಶೇ 20. ಅಂದರೆ ಕನಿಷ್ಠ ಕೂಲಿಯವರೇ ಆದಾಯ ತೆರಿಗೆ ಕಟ್ಟುತ್ತಾರೆ, ಕೂಲಿ ಏರಿಸಿದರೆ ಸರ್ಕಾರದ ವರಮಾನವೂ ಏರುತ್ತದೆ, ತೆರಿಗೆಯ ಗೆರೆ ಎತ್ತಿದರೆ ಕೂಲಿ ಏರಿಸಿದಷ್ಟೇ ಉಪಕಾರವಾಗುತ್ತದೆ. ಅಲ್ಲಿನ ಚರ್ಚೆಯನ್ನು ಓದಿ, ತೆರಿಗೆ ಇಳಿಸಿದರೆ ಬಡ ದುಡಿಮೆಗಾರರಿಗೆ ನೆರವಾಗುತ್ತದೆ ಎಂಬ ವಾದವನ್ನು ಇಲ್ಲಿಗೆ ತಂದು ನೆಡಲು ಹೋದರೆ ಅದು ನೆಲ ಹಿಡಿಯುವುದಿಲ್ಲ.

ನಮ್ಮಲ್ಲಿ ಕೂಲಿಯವರ ಬದುಕನ್ನು ತಾಗುವ ಗೆರೆಗಳು ಬೇರೆಯೇ ಇವೆ, ಅವು ತೆರಿಗೆಯ ಗೆರೆಗಿಂತ ಬಹಳ ಕೆಳಗಿವೆ. ರಾಜ್ಯದ ವೃತ್ತಿ ತೆರಿಗೆ 25,000 ರೂಪಾಯಿ ಮತ್ತು ಅದಕ್ಕೂ ಮೇಲಿನ ಸಂಬಳದವರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ಒಟ್ಟು ವರ್ಷಕ್ಕೆ 2,500 ರೂಪಾಯಿ. ಸಂವಿಧಾನ ಇದಕ್ಕಿಂತ ಹೆಚ್ಚು ಕೇಳಲು ಬಿಡುವುದಿಲ್ಲ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸೌಲಭ್ಯ ತಿಂಗಳಿಗೆ 21,000 ರೂಪಾಯಿವರೆಗಿನ ಕೂಲಿಯವರಿಗೆ. 16,050 ರೂಪಾಯಿಯವರಿಂದ ಅದಕ್ಕೆ ಕಡಿತವಾಗುವುದು ಶೇ 0.75ರಂತೆ 120 ರೂಪಾಯಿ, ಮಾಲೀಕರು ಸೇರಿಸುವುದು ಶೇ 3.25. ಕುಶಲ ಕೆಲಸಗಾರರ ಕನಿಷ್ಠ ಕೂಲಿ 21,000 ದಾಟಿದರೆ ಅವರು ಆಸ್ಪತ್ರೆಯ ಹಕ್ಕನ್ನೇ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಕೂಲಿ ಏರಿಸುವ ಸರ್ಕಾರಗಳು ಈ ಮಿತಿಯನ್ನೂ ಜೊತೆಜೊತೆಗೆ ಏರಿಸದಿದ್ದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಎಲ್ಲಕ್ಕಿಂತ ಚುರುಕಾಗಿ ಚುಚ್ಚುವ ಗೆರೆ ಬಿಪಿಎಲ್ ಕಾರ್ಡಿನದು. ಕರ್ನಾಟಕದಲ್ಲಿ ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ತಿಂಗಳಿಗೆ 10,000, ದಿನಕ್ಕೆ ಸುಮಾರು 385. ಕಾನೂನಿನ ಅಳತೆಗೋಲಿನಲ್ಲಿ ಒಂದು ಸಂಸಾರ ಬದುಕಲು 16,050 ಬೇಕೆಂದು ನಾವು ಲೆಕ್ಕ ಹಾಕಿದ ಅದೇ ಸಂಸಾರ, ಆ ಕೂಲಿಯನ್ನು ಬ್ಯಾಂಕಿನ ಮೂಲಕ ಪಡೆದ ದಿನ ಬಡತನದ ರೇಖೆಯ ಮೇಲಕ್ಕೆ ಹೋಗುತ್ತದೆ. ಕಾರ್ಡು ಹೋದರೆ ಅಕ್ಕಿಯಷ್ಟೇ ಅಲ್ಲ, ಆಸ್ಪತ್ರೆಯ ರಿಯಾಯಿತಿಯೂ ಹೋಗುತ್ತದೆಂಬ ಹೆದರಿಕೆ. ಹೀಗಾಗಿ ‘ಚೀಟಿ ಗೀಟಿ ಬೇಡ ಸಾವ್ಕಾರ್ರೆ, ಕೈಗೆ ಕೊಡ್ರಿ’ ಎಂದು ಕೆಲಸಗಾರರೇ ಹೇಳುವುದುಂಟು, ಮತ್ತು ಆ ಮಾತು ಮಾಲೀಕರಿಗೂ ಅನುಕೂಲವೇ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೂ ಒಂದು ಗೆರೆಯಿದೆ, ಮನೆಯೊಡತಿಯಾಗಲಿ ಅವರ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು; ಕೂಲಿಯ ಸಂಸಾರಗಳು ಈ ಗೆರೆಯ ಒಳಗೆ ಸುರಕ್ಷಿತವಾಗಿವೆ. ಅಲ್ಲಿಗೆ ವರ್ಷಕ್ಕೆ 24,000 ರೂಪಾಯಿ ಬೊಕ್ಕಸದಿಂದ ಬರುತ್ತದೆ. ಗಲ್ಲಾದಿಂದ ಬರಬೇಕಾದ ಕೂಲಿ ಕಡಿಮೆಯಾದಷ್ಟೂ ಇಂಥ ಯೋಜನೆಗಳ ಮೇಲಿನ ಭಾರ ಹೆಚ್ಚುತ್ತದೆ, ಆ ಬೊಕ್ಕಸಕ್ಕೆ ಬರುವ ತೆರಿಗೆಯನ್ನೇ ಇತ್ತ ಇಳಿಸಲಾಗುತ್ತಿದೆ.

ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟ ಮಾಲೀಕರಿಗೆ ವೇತನ ಸಂಹಿತೆಯಲ್ಲಿ 50,000 ರೂಪಾಯಿವರೆಗೆ ದಂಡವಿದೆ. ಐದು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಮೂರು ತಿಂಗಳವರೆಗೆ ಸಜೆ, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಹಳೆಯ ಕಾಯ್ದೆಯಲ್ಲಿ ಬಾಕಿ ಕೂಲಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಸಂಹಿತೆ ಅದನ್ನು ಮೂರು ವರ್ಷಕ್ಕೆ ವಿಸ್ತರಿಸಿದೆ, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಇದೆ. ಅರ್ಜಿಯ ಜೊತೆ ಇಡಲು ಬೇಕಾದದ್ದು ಎಷ್ಟು ದಿನ ದುಡಿದೆ, ಎಷ್ಟು ಪಡೆದೆ ಎಂಬ ಬರಹ. ಕಾರ್ಡಿನ ಹೆದರಿಕೆಯಿಂದ ಬೇಡವೆಂದು ಬಿಟ್ಟುಕೊಟ್ಟ ಚೀಟಿ ಅದೇ.